ಶುಶ್ರೂಷಕಿ ಎಡಿತ್ ಕ್ಯಾವೆಲ್

ಹೊಲದಲ್ಲಿ ದುಡಿಯುವವನ ಕೆಲಸಕ್ಕೆ ಹೊತ್ತು ಮುಳುಗುವುದೇ ಎಲ್ಲೆ. ಕಚೇರಿಯಲ್ಲಿ ಬರೆಯುವವನ ಕೆಲಸಕ್ಕೆ ಗಂಟೆಯೇ ಎಲ್ಲೆ. ರೋಗಿಯ ಹಾಸಿಗೆಯ ಬಳಿಯಲ್ಲಿ ಎಚ್ಚರವಾಗಿ ಕುಳಿತವಳ ಕೆಲಸಕ್ಕೆ ಎಲ್ಲೆ ಯಾವುದು? ಜ್ವರವು ಇಳಿದೊಡನೆ, ಗಾಯವು ಮಾಗಿದೊಡನೆ, ರೋಗಿಯು ಆಸ್ಪತ್ರೆಯ ಹೊಸ್ತಿಲನ್ನು ದಾಟಿದೊಡನೆ ಆಕೆಯ ಹೊಣೆ ತೀರಿತೆಂದು ನಿಯಮವು ಹೇಳುತ್ತದೆ. ಆದರೆ ಆ ಹೊಸ್ತಿಲಿನ ಆಚೆಯಲ್ಲಿ ಮೃತ್ಯುವೇ ಕಾದು ನಿಂತಿದ್ದರೆ, ಗುಣಪಡಿಸಿದ ಕೈಗಳು ಏನು ಮಾಡತಕ್ಕದ್ದು? ಈ ಪ್ರಶ್ನೆಯು ಒಂದು ಕಾಲದಲ್ಲಿ ಒಬ್ಬ ಶುಶ್ರೂಷಕಿಯ ಮನೆಬಾಗಿಲಿಗೆ ಬಂದು ನಿಂತಿತು. ಆಕೆ ತನ್ನ ಉತ್ತರವನ್ನು ಕೊಟ್ಟಳು. ಆ ಉತ್ತರಕ್ಕಾಗಿ ಪ್ರಾಣವನ್ನೂ ತೆತ್ತಳು. ಆಕೆಯೇ ಎಡಿತ್ ಕ್ಯಾವೆಲ್.

ಈಕೆಯ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯಲ್ಲಿ ಬರೆಯುವುದಕ್ಕೆ ನಮಗೆ ಎರಡು ಕಾರಣಗಳುಂಟು. ಮಿಶನ್ ಶಾಲೆಗಳಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ಹಲವರು ಶುಶ್ರೂಷೆಯನ್ನೇ ತಮ್ಮ ವೃತ್ತಿಯನ್ನಾಗಿ ಆರಿಸಿಕೊಂಡಿದ್ದಾರೆ. ಅವರ ಹಿರಿಯಕ್ಕನಂತಿರುವ ಈಕೆಯನ್ನು ಅವರೂ ಅವರ ತಾಯಿತಂದೆಗಳೂ ಅರಿತಿರುವುದು ಒಳ್ಳೆಯದು. ಇದು ಮೊದಲನೆಯ ಕಾರಣ. ಎರಡನೆಯದು ನಮ್ಮ ನಾಡಿಗೆ ಸಂಬಂಧಪಟ್ಟುದು. ಶ್ರೀಮಂಗಲದಿಂದ ಕುಟ್ಟದವರೆಗೆ ಬ್ರಹ್ಮಗಿರಿಯ ತಪ್ಪಲಿನಲ್ಲಿ ಹರಡಿರುವ ಊರುಗಳಲ್ಲಿ ದಂಡಿಗೆ ಮಗನನ್ನು ಕಳುಹಿಸದ ಮನೆತನವು ಅಪರೂಪ. ಕೊಡಗಿನ ಐನ್‌ಮನೆಗಳ ಗೋಡೆಗಳ ಮೇಲೆ ಸೈನಿಕರ ಉಡುಪು ಧರಿಸಿದ ಹಿರಿಯರ ಚಿತ್ರಗಳು ತೂಗುತ್ತಿರುವುದನ್ನು ಯಾರು ನೋಡಿಲ್ಲ? ಎಲ್ಲಿಯೋ ದೂರದ ಆಸ್ಪತ್ರೆಯಲ್ಲಿ ಗಾಯಗೊಂಡು ಮಲಗಿರುವ ಮಗನ ತಲೆದೆಸೆಯಲ್ಲಿ ಯಾರು ಕುಳಿತಿರುವರೋ ಎಂದು ಚಿಂತಿಸಿ ರಾತ್ರಿಗಳನ್ನು ಕಳೆದ ತಾಯಂದಿರು ಈ ನಾಡಿನಲ್ಲಿ ಎಷ್ಟೋ ಮಂದಿ. ಎಡಿತ್ ಕ್ಯಾವೆಲ್ ಅಂತಹ ತಾಯಂದಿರ ಮಕ್ಕಳ ತಲೆದೆಸೆಯಲ್ಲಿ ಕುಳಿತವಳು.

ಈಕೆ 1865ನೆಯ ಇಸವಿ ಡಿಸೆಂಬರ್ 4ನೆಯ ತಾರೀಖಿನಂದು ಇಂಗ್ಲೆಂಡಿನ ನಾರಿಚ್ ಪಟ್ಟಣಕ್ಕೆ ಸಮೀಪದ ಸ್ವಾರ್ಡಸ್ಟನ್ ಎಂಬ ಸಣ್ಣ ಹಳ್ಳಿಯಲ್ಲಿ ಹುಟ್ಟಿದಳು. ತಂದೆ ಫ್ರೆಡರಿಕ್ ಕ್ಯಾವೆಲ್ ಆ ಹಳ್ಳಿಯ ಸಭಾಪಾಲಕರು. ನಾಲ್ವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಅದೇ ಸ್ಥಾನದಲ್ಲಿದ್ದು ಸೇವೆ ಮಾಡಿದವರು. ನಾಲ್ವರು ಮಕ್ಕಳಲ್ಲಿ ಎಡಿತಳೇ ಹಿರಿಯಳು. ಮನೆಯಲ್ಲಿ ಸಿರಿತನವಿರಲಿಲ್ಲ, ಆದರೆ ಕ್ರಮವಿತ್ತು. ಭಾನುವಾರದ ಊಟವು ಸಿದ್ಧವಾದೊಡನೆ ಅದರಲ್ಲಿ ಒಂದು ಪಾಲನ್ನು ಬಿಸಿಯಾಗಿರುವಾಗಲೇ ಊರಿನ ಬಡವರ ಮನೆಗಳಿಗೆ ಮುಟ್ಟಿಸಿ, ಆಮೇಲೆಯೇ ಮನೆಯವರು ಉಣ್ಣಲು ಕುಳಿತುಕೊಳ್ಳುವುದು ಆ ಮನೆಯ ಪದ್ಧತಿಯಾಗಿತ್ತೆಂದು ಹೇಳುತ್ತಾರೆ. ತಮ್ಮ ಪಾಲಿನ ಊಟವು ತಣ್ಣಗಾದರೂ ಬಡವನ ಊಟವು ಬಿಸಿಯಾಗಿರಬೇಕೆಂಬ ಪಾಠವನ್ನು ಬಾಲಿಕೆಯು ಪುಸ್ತಕವಿಲ್ಲದೆ ಕಲಿತಳು.

ಅವಳ ಬಾಲ್ಯದ ಇನ್ನೊಂದು ಸಂಗತಿಯೂ ಹೇಳತಕ್ಕದ್ದಾಗಿದೆ. ಹಳ್ಳಿಯ ಮಕ್ಕಳ ಭಾನುವಾರದ ಶಾಲೆಗೆ ಪ್ರತ್ಯೇಕವಾದ ಕೊಠಡಿ ಇರಲಿಲ್ಲ. ಎಡಿತಳು ತಾನಾಗಿಯೇ ನಾರಿಚ್‌ನ ಬಿಷಪರಿಗೆ ಪತ್ರ ಬರೆದು ಸಹಾಯ ಬೇಡಿದಳು. ಹಳ್ಳಿಯವರು ಸ್ವಲ್ಪ ಹಣವನ್ನು ಕೂಡಿಸಿದರೆ ತಾವೂ ಕೊಡುವೆವೆಂದು ಅವರು ತಿಳಿಸಿದರು. ಅಕ್ಕತಂಗಿಯರು ಸೇರಿ ಕಾಗದದ ಮೇಲೆ ಹೂವುಗಳ ಚಿತ್ರಗಳನ್ನು ಬರೆದು ಮಾರಿ, ಬಂದ ಹಣವನ್ನು ಪೈಸೆಪೈಸೆಯಾಗಿ ಕೂಡಿಹಾಕಿದರು. ಕೊಠಡಿಯು ಎದ್ದುನಿಂತಿತು. ಕೆಲಸವನ್ನು ಕೋರುವುದು ಒಂದು ಗುಣ, ಅದನ್ನು ಮುಗಿಸುವುದು ಇನ್ನೊಂದು; ಎರಡೂ ಈ ಹುಡುಗಿಯಲ್ಲಿ ಮೊದಲಿನಿಂದಲೇ ಕೂಡಿದ್ದುವು.

ಮೊದಲು ಮನೆಯಲ್ಲಿಯೂ ಆಮೇಲೆ ಬೇರೆ ಬೇರೆ ಶಾಲೆಗಳಲ್ಲಿಯೂ ಓದಿ, ಎಡಿತಳು ಫ್ರೆಂಚ್ ಭಾಷೆಯಲ್ಲಿ ಒಳ್ಳೆಯ ಪಾಂಡಿತ್ಯವನ್ನು ಪಡೆದಳು. ಈ ವಿದ್ಯೆಯೇ ಅವಳನ್ನು ಬೆಲ್ಜಿಯಮ್ ದೇಶಕ್ಕೆ ಕರೆದೊಯ್ದಿತು. 1890ರಿಂದ 1895ರವರೆಗೆ ಅವಳು ಬ್ರಸೆಲ್ಸ್ ನಗರದ ಒಂದು ಕುಟುಂಬದಲ್ಲಿ ಮಕ್ಕಳಿಗೆ ಉಪಾಧ್ಯಾಯಿನಿಯಾಗಿದ್ದಳು. ಒಮ್ಮೆ ಅವಳಿಗೆ ಸ್ವಲ್ಪ ಹಣ ಬಂದಾಗ ಜರ್ಮನಿಯ ಬವೇರಿಯ ಪ್ರಾಂತವನ್ನು ನೋಡಲು ಹೋಗಿ, ಅಲ್ಲಿ ಒಂದು ಧರ್ಮಾಸ್ಪತ್ರೆಯನ್ನು ಕಂಡು ಮೆಚ್ಚಿ, ಆ ಹಣದಲ್ಲಿ ಒಂದು ಭಾಗವನ್ನು ಅದಕ್ಕೇ ಕೊಟ್ಟು ಬಂದಳು. ಮುಂದೆ ಯಾರ ಕೈಯಿಂದ ಅವಳಿಗೆ ಮರಣ ಬಂದಿತೋ ಆ ಜನರ ರೋಗಿಗಳಿಗೆ ಅವಳು ಇಪ್ಪತ್ತು ವರ್ಷಗಳಿಗೂ ಮೊದಲೇ ಸಹಾಯ ಮಾಡಿದ್ದಳೆಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಲಿ.

1895ರಲ್ಲಿ ತಂದೆಯು ಕಾಯಿಲೆ ಬಿದ್ದರು. ಎಡಿತಳು ಕೆಲಸವನ್ನು ಬಿಟ್ಟು ಬಂದು ಅವರ ಶುಶ್ರೂಷೆಗೆ ನಿಂತಳು. ತಂದೆಯು ಗುಣಹೊಂದಿದರು; ಮಗಳು ತನ್ನ ದಾರಿಯನ್ನು ಕಂಡುಕೊಂಡಳು. ಆಗ ಅವಳಿಗೆ ಮೂವತ್ತು ವರ್ಷ. ಆ ವಯಸ್ಸಿನಲ್ಲಿ ಹೊಸ ವಿದ್ಯೆಯನ್ನು ಮೊದಲಿನಿಂದ ಕಲಿಯಲು ಎಷ್ಟು ಮಂದಿ ಮನಸ್ಸು ಮಾಡುವರು? ಮೊದಲು ಟೂಟಿಂಗ್ ಎಂಬಲ್ಲಿಯ ಜ್ವರದ ಆಸ್ಪತ್ರೆಯಲ್ಲಿ ಕೆಲವು ತಿಂಗಳು ದುಡಿದು ನೋಡಿ, 1896ರ ಸೆಪ್ಟೆಂಬರಿನಲ್ಲಿ ಲಂಡನ್ ಆಸ್ಪತ್ರೆಯ ಶುಶ್ರೂಷಕಿಯರ ಶಾಲೆಯನ್ನು ಸೇರಿದಳು. ಅಲ್ಲಿಯ ಮುಖ್ಯಾಧಿಕಾರಿಣಿಯಾದ ಈವಾ ಲ್ಯೂಕಿಸ್ ಎಂಬವರು ಕಟ್ಟುನಿಟ್ಟಿನ ಹೆಂಗಸು. ಅವರು ಎಡಿತಳ ವಿಷಯದಲ್ಲಿ ಬರೆದಿಟ್ಟ ಅಭಿಪ್ರಾಯವು ಹೊಗಳಿಕೆಯದಾಗಿರಲಿಲ್ಲ. ಶಕ್ತಿಯುಂಟು, ಆದರೆ ಮನಸ್ಸಿಟ್ಟಾಗ ಮಾತ್ರ ತೋರಿಸುವಳು, ಸಮಯಪಾಲನೆ ಸಾಲದು, ಸಂಪೂರ್ಣವಾಗಿ ನೆಚ್ಚಿಕೊಳ್ಳಲಾಗದು ಎಂಬುದು ಅದರ ತಾತ್ಪರ್ಯ. ಮಕ್ಕಳ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ನಿಟ್ಟುಸಿರುಬಿಡುವ ತಾಯಿತಂದೆಗಳು ಈ ಸಂಗತಿಯನ್ನು ಮರೆಯಬಾರದು. ಉಪಾಧ್ಯಾಯರು ಕಂಡ ಕುಂದು ಸುಳ್ಳೆಂದು ನಾವು ಹೇಳುವುದಿಲ್ಲ. ಕುಂದನ್ನು ತಿದ್ದಿಕೊಳ್ಳಲು ಮನುಷ್ಯನಿಗೆ ಆಯುಷ್ಯವಿದೆಯೆಂದು ಹೇಳುತ್ತೇವೆ.

1897ರಲ್ಲಿ ಮೇಡ್‌ಸ್ಟನ್ ಎಂಬ ಪಟ್ಟಣದಲ್ಲಿ ವಿಷಮಶೀತಜ್ವರವು ಹಬ್ಬಿತು. ಕುಡಿಯುವ ನೀರು ಕೆಟ್ಟುದೇ ಅದಕ್ಕೆ ಕಾರಣ. ಸುಮಾರು 1,700 ಮಂದಿ ಹಾಸಿಗೆ ಹಿಡಿದರು. ಲಂಡನ್ ಆಸ್ಪತ್ರೆಯಿಂದ ಕಳುಹಿಸಲ್ಪಟ್ಟ ಆರು ಮಂದಿ ಶುಶ್ರೂಷಕಿಯರಲ್ಲಿ ಎಡಿತಳೂ ಒಬ್ಬಳು. ಆ ಕಾಲದಲ್ಲಿ ಈ ಜ್ವರಕ್ಕೆ ಈಗಿನಂತಹ ಮದ್ದುಗಳಿರಲಿಲ್ಲ. ರೋಗಿಯ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಕಾವನ್ನು ಇಳಿಸುವುದು, ಗುಟುಕುಗುಟುಕಾಗಿ ಗಂಜಿ ಹಾಲುಗಳನ್ನು ಕುಡಿಸುವುದು, ಬಟ್ಟೆಬರೆಗಳನ್ನು ಶುಚಿಮಾಡುವುದು, ವಾರಗಟ್ಟಲೆ ಕಾಯುವುದು—ಇದೇ ಚಿಕಿತ್ಸೆ. ಎಂದರೆ ಶುಶ್ರೂಷೆಯೇ ಔಷಧ. ಅಷ್ಟು ಮಂದಿ ರೋಗಿಗಳಲ್ಲಿ 132 ಮಂದಿ ಮಾತ್ರ ತೀರಿಕೊಂಡರು. ಆ ಊರಿನವರು ಕೃತಜ್ಞತೆಯಿಂದ ಶುಶ್ರೂಷಕಿಯರಿಗೆ ಪದಕವನ್ನು ಕೊಟ್ಟರು. ಎಡಿತಳು ಸ್ವದೇಶದಲ್ಲಿ ಬದುಕಿರುವಾಗ ಪಡೆದ ಪದಕ ಇದೊಂದೇ ಎನ್ನುತ್ತಾರೆ.

ಆಮೇಲೆ ಅವಳು ಲಂಡನ್ನಿನ ಬಡವರ ಆಸ್ಪತ್ರೆಗಳಲ್ಲಿ ಕೆಲಸಮಾಡಿದಳು. 1903ರಲ್ಲಿ ಶೋರ್ಡಿಚ್ ಎಂಬಲ್ಲಿಯ ಆಸ್ಪತ್ರೆಯಲ್ಲಿ ಉಪಾಧಿಕಾರಿಣಿಯಾದಳು. ಅಲ್ಲಿ ಅವಳು ಆರಂಭಿಸಿದ ಒಂದು ಹೊಸ ಪದ್ಧತಿಯು ಅವಳ ಜೀವಿತದ ಬೀಗದಕೈಯಂತಿದೆಯೆಂದು ನಮಗೆ ತೋರುತ್ತದೆ. ಆಸ್ಪತ್ರೆಯಿಂದ ಮನೆಗೆ ಹೋದ ರೋಗಿಗಳನ್ನು ಅವರ ಮನೆಗಳಿಗೇ ಹೋಗಿ ನೋಡಿ ಬರುವ ಕ್ರಮವನ್ನು ಅವಳು ಪ್ರಾರಂಭಿಸಿದಳು. ರೋಗವು ಗುಣವಾಗಿ ಹೋದವನು ಮತ್ತೆ ಅದೇ ಕತ್ತಲೆಯ ಕೊಠಡಿಗೆ, ಅದೇ ಹಸಿವಿಗೆ, ಅದೇ ಚಳಿಗೆ ಮರಳಿದರೆ ಆಸ್ಪತ್ರೆಯ ದುಡಿಮೆಯೆಲ್ಲವೂ ನೀರಿನಲ್ಲಿ ಹೋಮಮಾಡಿದಂತಲ್ಲವೇ? ಬಾಗಿಲಿನ ಆಚೆಗೆ ರೋಗಿಯು ಏನಾದನೆಂದು ಕೇಳುವ ಈ ಅಭ್ಯಾಸವೇ ಮುಂದೆ ಅವಳನ್ನು ಎಲ್ಲಿಗೆ ಕೊಂಡೊಯ್ದಿತೆಂಬುದನ್ನು ನೋಡೋಣ.

ಬೆಲ್ಜಿಯಮ್ ದೇಶದಲ್ಲಿ ಆಗ ರೋಗಿಗಳ ಆರೈಕೆಯು ಹೆಚ್ಚಾಗಿ ಕ್ರೈಸ್ತ ಸನ್ಯಾಸಿನಿಯರ ಕೈಯಲ್ಲಿತ್ತು. ಅವರಲ್ಲಿ ಭಕ್ತಿಯಿತ್ತು, ದಯೆಯಿತ್ತು. ಹೊಸ ವೈದ್ಯಶಾಸ್ತ್ರದ ಶಿಕ್ಷಣವಿರಲಿಲ್ಲ. ಆಂಟ್ವಾನ್ ಡಪಾಜ್ ಎಂಬ ಹೆಸರಾಂತ ಶಸ್ತ್ರವೈದ್ಯರು ಈ ಕೊರತೆಯನ್ನು ನೀಗಿಸಬೇಕೆಂದು 1907ರ ಅಕ್ಟೋಬರಿನಲ್ಲಿ ಬ್ರಸೆಲ್ಸಿನಲ್ಲಿ ಶುಶ್ರೂಷಕಿಯರ ಶಾಲೆಯೊಂದನ್ನು ತೆರೆದು, ಎಡಿತ್ ಕ್ಯಾವೆಲಳನ್ನು ಅದರ ಮುಖ್ಯಸ್ಥೆಯನ್ನಾಗಿ ಕರೆದರು. ಒಂದಕ್ಕೊಂದು ಅಂಟಿದ ಮನೆಗಳೇ ಶಾಲೆ. ಶಿಷ್ಯೆಯರು ಬೆರಳಿನಿಂದ ಎಣಿಸುವಷ್ಟು ಮಂದಿ. ಕುಲೀನ ಮನೆತನದ ಹೆಣ್ಣು ಸಂಬಳಕ್ಕೆ ದುಡಿದರೆ ಮನೆತನದ ಮಾನ ಹೋಗುತ್ತದೆಂಬುದು ಆ ದೇಶದ ಮಧ್ಯಮ ವರ್ಗದವರ ಭಾವನೆ. ನಮ್ಮ ದೇಶದಲ್ಲಿಯೂ ಇದೇ ಕಾಲದಲ್ಲಿ ಇದೇ ಕಷ್ಟವಿತ್ತು. ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1906ರಲ್ಲಿ ತೆರೆಯಿತು. ವೆಲ್ಲೂರಿನಲ್ಲಿ ಐಡಾ ಸ್ಕಡರ್ ಎಂಬ ವೈದ್ಯೆಯು 1909ರಲ್ಲಿ ಶುಶ್ರೂಷಕಿಯರ ಶಾಲೆಯನ್ನು ಆರಂಭಿಸಿದಳು. ಅಂತಹ ಕೆಲಸಕ್ಕೆ ಮಗಳನ್ನು ಕಳುಹಿಸಲು ಒಪ್ಪುವ ತಂದೆಯನ್ನು ಹುಡುಕುವುದು ಅಂದು ಇಲ್ಲಿಯೂ ಸುಲಭವಾಗಿರಲಿಲ್ಲ.

ಬೆಲ್ಜಿಯಮಿನ ರಾಣಿಯು ಕೈಮುರಿದುಕೊಂಡಾಗ ಈ ಶಾಲೆಯ ಶುಶ್ರೂಷಕಿಯನ್ನೇ ಬಯಸಿ ಕರೆಸಿಕೊಂಡಳು. ಅರಮನೆಗೆ ಹೋದ ಕೆಲಸಕ್ಕೆ ಅವಮಾನವೆಲ್ಲಿಯದು? ಅಂದಿನಿಂದ ಜನರ ಮನಸ್ಸು ತಿರುಗಿತು. 1912ರ ಹೊತ್ತಿಗೆ ಮೂರು ಆಸ್ಪತ್ರೆಗಳಿಗೂ, 24 ಶಾಲೆಗಳಿಗೂ, 13 ಶಿಶುವಿಹಾರಗಳಿಗೂ ಈ ಸಂಸ್ಥೆಯಿಂದ ಶುಶ್ರೂಷಕಿಯರು ಹೋಗುತ್ತಿದ್ದರು. ಸಮಯಪಾಲನೆ ಸಾಲದೆಂದು ಒಂದು ಕಾಲದಲ್ಲಿ ಹೇಳಿಸಿಕೊಂಡವಳು ಈಗ ಬೆಳಗಿನ ಉಪಾಹಾರದ ಮೇಜಿನ ಮೇಲೆ ಗಡಿಯಾರವನ್ನಿಟ್ಟುಕೊಂಡು ಕುಳಿತುಕೊಳ್ಳುವಳು. ಎರಡು ನಿಮಿಷಕ್ಕಿಂತ ತಡವಾಗಿ ಬಂದವಳು ಎರಡು ಗಂಟೆ ಹೆಚ್ಚು ಕೆಲಸ ಮಾಡಬೇಕು. ಶಿಷ್ಯೆಯರು ಅವಳಿಗೆ ಹೆದರುತ್ತಿದ್ದರು. ಆದರೆ ಮದ್ದಿನ ವ್ಯಸನಕ್ಕೆ ಸಿಕ್ಕಿ ಹಾಳಾಗುತ್ತಿದ್ದ ಒಬ್ಬ ಯುವತಿಯನ್ನು ಈ ಕಠಿಣ ಸ್ವಭಾವದವಳೇ ತನ್ನ ಮನೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಕಾಪಾಡುತ್ತಿದ್ದಳು. ಬೀದಿಯಿಂದ ಬಂದ ಜ್ಯಾಕ್ ಎಂಬ ನಾಯಿಗೂ ಅವಳ ಮನೆಯಲ್ಲಿ ಜಾಗವಿತ್ತು. ಹೊರಗೆ ತೆಂಗಿನ ಚಿಪ್ಪು, ಒಳಗೆ ತಿಳಿನೀರು.

1914ರ ಬೇಸಗೆಯಲ್ಲಿ ಅವಳು ವಿಧವೆಯಾದ ತಾಯಿಯನ್ನು ನೋಡಲು ನಾರಿಚ್‌ಗೆ ಬಂದಿದ್ದಳು. ತೋಟದಲ್ಲಿ ಕಳೆ ಕೀಳುತ್ತಿದ್ದಾಗ ಯುದ್ಧದ ವಾರ್ತೆಯು ಕಿವಿಗೆ ಬಿದ್ದಿತು. ತಾಯಿಯ ಬಳಿಯಲ್ಲಿ ನಿಂತಿದ್ದರೆ ಅವಳನ್ನು ಯಾರೂ ದೂಷಿಸುತ್ತಿರಲಿಲ್ಲ. ಅವಳು ಮಾತ್ರ ಈಗಲೇ ತನ್ನ ಆವಶ್ಯಕತೆಯು ಹೆಚ್ಚೆಂದು ತಿಳಿದು ಹೊರಟು, ಆಗಸ್ಟ್ 3ನೆಯ ತಾರೀಖಿಗೆ ಬ್ರಸೆಲ್ಸನ್ನು ಮುಟ್ಟಿದಳು. ಶಾಲೆಯಲ್ಲಿದ್ದ ಜರ್ಮನ್ ಮತ್ತು ಡಚ್ ಹುಡುಗಿಯರನ್ನು ಕ್ಷೇಮವಾಗಿ ಅವರವರ ಊರಿಗೆ ಕಳುಹಿಸಿದಳು. ಉಳಿದವರಿಗೆ, ಗಾಯಗೊಂಡವನು ಯಾವ ದೇಶದವನೆಂದು ಕೇಳದೆ ಆರೈಕೆ ಮಾಡುವುದೇ ತಮ್ಮ ಮೊದಲನೆಯ ಕರ್ತವ್ಯವೆಂದು ತಿಳಿಸಿದಳು. ಆಗಸ್ಟ್ 20ರಂದು ಜರ್ಮನ್ ಸೈನ್ಯವು ಬ್ರಸೆಲ್ಸನ್ನು ಹೊಕ್ಕಿತು. ಆ ಮನೆಯು ರೆಡ್ ಕ್ರಾಸ್ ಆಸ್ಪತ್ರೆಯಾಗಿತ್ತು. ಅಲ್ಲಿ ಬೆಲ್ಜಿಯನನಿಗೆ ಹಾಸಿದ ಹಾಸಿಗೆಯೇ ಜರ್ಮನನಿಗೂ. ಒಬ್ಬನಿಗೆ ಕಟ್ಟಿದ ಪಟ್ಟಿಯೇ ಇನ್ನೊಬ್ಬನಿಗೂ. ಇಂಗ್ಲಿಷ್ ಶುಶ್ರೂಷಕಿಯರಲ್ಲಿ ಹೆಚ್ಚಿನವರನ್ನು ಸ್ವದೇಶಕ್ಕೆ ಕಳುಹಿಸಿಬಿಟ್ಟಾಗಲೂ ಅವಳು ತನ್ನ ಕೆಲಸವನ್ನು ಬಿಟ್ಟು ಹೋಗಲಿಲ್ಲ.

ಇಲ್ಲಿಯವರೆಗೆ ಅವಳು ಮಾಡಿದುದೆಲ್ಲವೂ ಕರ್ತವ್ಯದ ಎಲ್ಲೆಯೊಳಗಿನದು. 1914ರ ನವೆಂಬರ್ 1ನೆಯ ತಾರೀಖಿನ ರಾತ್ರಿ ಆ ಎಲ್ಲೆಯು ಅವಳ ಬಾಗಿಲಿಗೆ ಬಂದಿತು. ಮಾನ್ಸ್ ಊರಿನ ಸುತ್ತಮುತ್ತ ಆಗಸ್ಟಿನಲ್ಲಿ ನಡೆದ ಯುದ್ಧದಲ್ಲಿ ಗಾಯಗೊಂಡು, ತಮ್ಮ ಸೈನ್ಯದಿಂದ ಅಗಲಿ, ವೇಷ ಮರೆಸಿಕೊಂಡು ಅಲೆಯುತ್ತಿದ್ದ ಇಬ್ಬರು ಬ್ರಿಟಿಷ್ ಸೈನಿಕರನ್ನು ಒಬ್ಬ ಬೆಲ್ಜಿಯನನು ಕರೆತಂದನು. ಇಂತಹವರಿಗೆ ಆಶ್ರಯ ಕೊಟ್ಟವರಿಗೆ ಉಗ್ರವಾದ ಶಿಕ್ಷೆಯಾಗುವುದೆಂದು ಜರ್ಮನ್ ಅಧಿಕಾರಿಗಳು ಊರೂರಿನ ಗೋಡೆಗಳ ಮೇಲೆ ಪ್ರಕಟಣೆ ಹಚ್ಚಿದ್ದರು. ಅವಳು ಇಬ್ಬರನ್ನೂ ಒಳಗೆ ಕರೆದುಕೊಂಡಳು. ಅವರ ಗಾಯಗಳಿಗೆ ಆರೈಕೆಯಾಯಿತು. ಸುಮಾರು ಎರಡು ವಾರಗಳ ಮೇಲೆ ಅವರು ಹೊರಡಲು ಶಕ್ತರಾದರು. ಆಗ ಬಂದಿತು ನಿಜವಾದ ಪ್ರಶ್ನೆ. ಗಾಯವು ವಾಸಿಯಾಯಿತೆಂದು ಬಾಗಿಲು ತೆರೆದು ಕಳುಹಿಸಿದರೆ ಅವರು ಹೋಗುವುದೆಲ್ಲಿಗೆ? ಬೀದಿಯ ತಿರುವಿನಲ್ಲಿಯೇ ಸೆರೆ, ಇಲ್ಲವೇ ಗುಂಡು. ಗುಣಪಡಿಸಿ ಸಾವಿಗೆ ಒಪ್ಪಿಸುವುದು ಶುಶ್ರೂಷೆಯೇ? ಶೋರ್ಡಿಚ್‌ನಲ್ಲಿ ರೋಗಿಯ ಹಿಂದೆಯೇ ಅವನ ಮನೆಯವರೆಗೆ ನಡೆದುಹೋದವಳು ಇಲ್ಲಿಯೂ ರೋಗಿಯ ಹಿಂದೆಯೇ ನಡೆದಳು. ಆದರೆ ಈ ದಾರಿಯು ಹಾಲೆಂಡ್ ದೇಶದ ಗಡಿಯವರೆಗೆ ಹೋಗುತ್ತಿತ್ತು.

ಹಾಲೆಂಡ್ ಯುದ್ಧದಲ್ಲಿ ಸೇರದ ದೇಶ. ಅಲ್ಲಿಗೆ ತಲುಪಿದವನು ಬದುಕಿಕೊಂಡನು. ಫ್ರಾನ್ಸಿನ ಗಡಿಯ ಬಳಿಯ ಬೆಲ್ಲಿನ್ಯಿ ಎಂಬಲ್ಲಿಯ ಕೋಟೆಮನೆಯಲ್ಲಿ ವಾಸಿಸುತ್ತಿದ್ದ ರಾಜಕುಮಾರ ರೆಜಿನಾಲ್ಡ್ ದ ಕ್ರೋಯ್ ಮತ್ತು ಅವನ ಸಹೋದರಿ ಮಾರಿ, ಉಪಾಧ್ಯಾಯಿನಿಯಾದ ಲೂಯಿಸ್ ತ್ಯುಲಿಯೆ, ಬ್ರಸೆಲ್ಸಿನ ಗೃಹಶಿಲ್ಪಿಯಾದ ಫಿಲಿಪ್ ಬೋಕ್ ಮೊದಲಾದವರು ಗುಟ್ಟಾಗಿ ಒಂದು ಸರಪಣಿಯನ್ನು ಕಟ್ಟಿದರು. ಕಾಡುಗಳಲ್ಲಿಯೂ ಹಳ್ಳಿಯ ಕೊಟ್ಟಿಗೆಗಳಲ್ಲಿಯೂ ಅಡಗಿದ್ದ ಸೈನಿಕರನ್ನು ಹುಡುಕುವವರು ಕೆಲವರು. ಅವರಿಗೆ ಸುಳ್ಳು ಹೆಸರಿನ ಕಾಗದಗಳನ್ನು ಒದಗಿಸುವವರು ಕೆಲವರು. ಗಡಿಯನ್ನು ದಾಟಿಸುವ ದಾರಿಗಾರರು ಕೆಲವರು. ಈ ಸರಪಣಿಯ ನಡುವಿನ ಕೊಂಡಿಯೇ ಎಡಿತಳ ಆಸ್ಪತ್ರೆ. ಅಲ್ಲಿ ಅವರಿಗೆ ಅನ್ನ, ಹಾಸಿಗೆ, ಔಷಧ, ದಾರಿಯ ಖರ್ಚಿಗೆ ಹಣ. ಕೆಲವು ತಿಂಗಳುಗಳಲ್ಲಿ ಹೀಗೆ ಅವಳ ಕೈಹಾಯ್ದು ಹೋದವರು ಸುಮಾರು 200 ಮಂದಿ. ಬ್ರಿಟಿಷರು, ಫ್ರೆಂಚರು, ಸೈನ್ಯವನ್ನು ಸೇರುವ ವಯಸ್ಸಿನ ಬೆಲ್ಜಿಯನರು. ದಿನದಲ್ಲಿ ಪಾಠ, ರೋಗಿಗಳು, ಕಟ್ಟುತ್ತಿದ್ದ ಹೊಸ ಶಾಲೆಯ ಮೇಲ್ವಿಚಾರಣೆ. ರಾತ್ರಿಯಲ್ಲಿ ಬಾಗಿಲು ತಟ್ಟುವ ಸದ್ದಿಗಾಗಿ ಕಿವಿಗೊಟ್ಟು ಕಾಯುವುದು. ತನ್ನ ಶಿಷ್ಯೆಯರಿಗೆ ಅಪಾಯ ಬರಬಾರದೆಂದು ಆದಷ್ಟು ಸಂಗತಿಯನ್ನು ತನ್ನೊಳಗೇ ಇಟ್ಟುಕೊಂಡಳು. ದಿನಚರಿಯ ಹಾಳೆಗಳನ್ನು ದಿಂಬಿನೊಳಗೆ ಸೇರಿಸಿ ಹೊಲಿದಿದ್ದಳು.

ಇಲ್ಲಿ ನಾವು ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ಶುಶ್ರೂಷಕಿಗೆ ಯುದ್ಧಕಾಲದಲ್ಲಿ ದೊರೆಯುವ ರಕ್ಷಣೆಯು ಅವಳು ಯಾರ ಪಕ್ಷವನ್ನೂ ಸೇರದಿರುವಳೆಂಬ ನಂಬಿಕೆಯ ಮೇಲೆ ನಿಂತಿದೆ. ಸೈನಿಕರನ್ನು ಗಡಿ ದಾಟಿಸಿದಾಗ ಆ ರಕ್ಷಣೆಯ ಹೊರಗೆ ಕಾಲಿಟ್ಟೆನೆಂಬುದನ್ನು ಎಡಿತಳು ಚೆನ್ನಾಗಿ ಬಲ್ಲಳು. ಆ ಗುಟ್ಟಿನ ಕೂಟದ ಕೆಲವರು ಸೈನ್ಯದ ಸಮಾಚಾರಗಳನ್ನೂ ಹೊರಗೆ ಕಳುಹಿಸುತ್ತಿದ್ದರೆಂದು ಈಚಿನ ಚರಿತ್ರಕಾರರು ತೋರಿಸಿದ್ದಾರೆ. ಅವಳ ಮೇಲೆ ಬಂದ ಆಪಾದನೆ ಮಾತ್ರ ಗೂಢಚಾರಿಕೆಯದಲ್ಲ. ಸೈನಿಕರನ್ನು ಶತ್ರುದೇಶಕ್ಕೆ ಮುಟ್ಟಿಸಿದಳೆಂಬುದೇ ಅವಳ ಅಪರಾಧ. ಬೆಲೆ ಏನೆಂದು ತಿಳಿದೇ ಅವಳು ಈ ಕೆಲಸಕ್ಕೆ ಕೈಯಿಟ್ಟಿದ್ದಳು. ಸಿಕ್ಕಿಬಿದ್ದರೆ ತನಗೆ ದಯೆ ದೊರೆಯಬೇಕೆಂದು ಅವಳು ಎಣಿಸಿರಲಿಲ್ಲ.

1915ರ ಜುಲೈ ಕೊನೆಯಲ್ಲಿ ಬೋಕ್ ಸೆರೆಸಿಕ್ಕಿದನು; ಆಗಸ್ಟ್ 5ರಂದು ಎಡಿತಳನ್ನು ಹಿಡಿದು ಸಾಂ ಜಿಲ್ ಸೆರೆಮನೆಗೆ ಒಯ್ದರು. ಅಲ್ಲಿ ಸುಮಾರು ಹತ್ತು ವಾರಗಳ ಕಾಲ ಇದ್ದಳು. ಉಳಿದವರೆಲ್ಲರೂ ಒಪ್ಪಿಕೊಂಡಿರುವರೆಂದು ಪೊಲೀಸರು ಅವಳಿಗೆ ಹೇಳಿದರೆಂದು ತಿಳಿದುಬರುತ್ತದೆ. ಅವಳು ಏನನ್ನೂ ಮರೆಮಾಡದೆ ತಾನು ಮಾಡಿದುದನ್ನು ಒಪ್ಪಿಕೊಂಡಳು. ತಪ್ಪಿಸಿಕೊಂಡು ಹೋದವರಲ್ಲಿ ಕೆಲವರು ಇಂಗ್ಲೆಂಡನ್ನು ತಲುಪಿ ತನಗೆ ಕೃತಜ್ಞತೆಯ ಪತ್ರಗಳನ್ನು ಬರೆದಿರುವರೆಂಬುದನ್ನೂ ಹೇಳಿಬಿಟ್ಟಳು. ಈ ಒಂದು ಮಾತೇ ಅವಳಿಗೆ ಮೃತ್ಯುವಾಯಿತು; ಏಕೆಂದರೆ ಅವರು ಶತ್ರುದೇಶವನ್ನು ಮುಟ್ಟಿದರೆಂಬುದಕ್ಕೆ ಅದೇ ಸಾಕ್ಷಿ. ಗುಣಹೊಂದಿದ ರೋಗಿಗಳ ನೆನಪೇ ಅವಳ ಮೇಲಿನ ಸಾಕ್ಷಿಯಾದುದು ಎಂತಹ ವಿಚಿತ್ರ! ಅವಳು ಇಷ್ಟು ನೇರವಾಗಿ ಸತ್ಯವನ್ನು ಹೇಳಬಾರದಿತ್ತೆಂದೂ, ಅದರಿಂದ ಇತರರಿಗೆ ಕೆಡುಕಾಯಿತೆಂದೂ ಆಕ್ಷೇಪಿಸುವವರಿದ್ದಾರೆ. ಆ ಆಕ್ಷೇಪವನ್ನು ನಾವು ಲಘುವಾಗಿ ತಳ್ಳಿಹಾಕುವುದಿಲ್ಲ. ಆದರೆ ಜೀವಮಾನವೆಲ್ಲವೂ ಇದ್ದುದನ್ನು ಇದ್ದಂತೆಯೇ ಹೇಳುತ್ತ ಬಂದವಳಿಗೆ, ತನ್ನ ತಲೆಯನ್ನು ಉಳಿಸಿಕೊಳ್ಳಲು ಬೇರೊಂದು ನಾಲಗೆ ಎಲ್ಲಿಂದ ಬರಬೇಕು?

ಅಕ್ಟೋಬರ್ 7 ಮತ್ತು 8ರಂದು ಸೈನಿಕ ನ್ಯಾಯಸ್ಥಾನದಲ್ಲಿ 35 ಮಂದಿ ಆಪಾದಿತರ ವಿಚಾರಣೆ ನಡೆಯಿತು. ಶುಶ್ರೂಷಕಿಯ ಉಡುಪನ್ನು ಧರಿಸಿ ಬಂದಿದ್ದರೆ ನ್ಯಾಯಾಧಿಪತಿಗಳ ಮನಸ್ಸು ಕರಗುತ್ತಿತ್ತೇನೋ. ಎಡಿತಳು ಸಾಮಾನ್ಯ ಉಡುಪಿನಲ್ಲಿಯೇ ಬಂದಳು. ತಾನು ಕಟ್ಟಿದ ಶಾಲೆಗೆ ತನ್ನಿಂದ ಕಳಂಕವಾಗಲಿ ಅಪಾಯವಾಗಲಿ ಬರಬಾರದೆಂದು ಅವಳ ಎಣಿಕೆ. 10ನೆಯ ತಾರೀಖಿನಂದು ತನ್ನ ಶಿಷ್ಯೆಯರಿಗೆ ಪತ್ರ ಬರೆದಳು. ತಾನು ಕೆಲವು ವೇಳೆ ಅತಿ ಕಠಿಣಳಾಗಿದ್ದಿರಬಹುದೆಂದೂ, ಯಾರ ಮನಸ್ಸಾದರೂ ನೊಂದಿದ್ದರೆ ಕ್ಷಮಿಸಬೇಕೆಂದೂ, ಅವರು ತಿಳಿದುದಕ್ಕಿಂತ ಹೆಚ್ಚಾಗಿ ಅವರನ್ನು ಪ್ರೀತಿಸಿದ್ದೆನೆಂದೂ ಅದರಲ್ಲಿ ತಿಳಿಸಿದಳು. ಗಡಿಯಾರವನ್ನು ಮುಂದಿಟ್ಟುಕೊಂಡು ಕುಳಿತ ಆ ಉಪಾಧ್ಯಾಯಿನಿಯ ಹೃದಯವನ್ನು ಶಿಷ್ಯೆಯರು ಅಂದು ಕಂಡರು. ಉಪಾಧ್ಯಾಯಿನಿಯರ ಗದರಿಕೆಯನ್ನು ಇಂದಿಗೂ ಮರೆಯದ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಪತ್ರವನ್ನು ಅರ್ಥಮಾಡಿಕೊಳ್ಳುವರು.

11ರಂದು ಐವರಿಗೆ ಮರಣದಂಡನೆಯೆಂದು ತೀರ್ಪಾಯಿತು. ಆಗ ಯುದ್ಧದಲ್ಲಿ ಸೇರದಿದ್ದ ಅಮೇರಿಕ ಮತ್ತು ಸ್ಪೇಯ್ನ್ ದೇಶಗಳ ಪ್ರತಿನಿಧಿಗಳು ಅದೇ ರಾತ್ರಿ ಜರ್ಮನ್ ಅಧಿಕಾರಿಗಳ ಮನೆಗೆ ಹೋಗಿ ಬೇಡಿಕೊಂಡರು; ಫಲವಾಗಲಿಲ್ಲ. ಸೆರೆಮನೆಯ ಜರ್ಮನ್ ಪಾದ್ರಿಯಾದ ಪೌಲ್ ಲ ಸೂರ್ ಎಂಬವರು ದಯೆಯಿಂದ ಏರ್ಪಡಿಸಿದ ಪ್ರಕಾರ ಆ ರಾತ್ರಿ ಬ್ರಸೆಲ್ಸಿನ ಇಂಗ್ಲಿಷ್ ಪಾದ್ರಿಗಳಾದ ಸ್ಟರ್ಲಿಂಗ್ ಗಾಹನ್ ಅವಳನ್ನು ಕಂಡು ಪವಿತ್ರ ಭೋಜನವನ್ನು ಕೊಟ್ಟರು. ಈ ವಾರಗಳ ವಿಶ್ರಾಂತಿಯು ತನಗೆ ದೊರೆತ ಕೃಪೆಯೆಂದು ಅವಳು ಭಾವಿಸಿದ್ದಳು. ದೇಶಾಭಿಮಾನವೊಂದೇ ಮನುಷ್ಯನಿಗೆ ಸಾಲದೆಂದೂ, ತನ್ನ ಮನಸ್ಸಿನಲ್ಲಿ ಯಾರ ಮೇಲೆಯೂ ದ್ವೇಷವಾಗಲಿ ಕಹಿಯಾಗಲಿ ಇರಬಾರದೆಂದೂ ತಾನು ಕಂಡುಕೊಂಡಿರುವುದಾಗಿ ಅವಳು ಅವರಿಗೆ ಹೇಳಿದಳು. 1915ರ ಅಕ್ಟೋಬರ್ 12ರ ಮುಂಜಾವದಲ್ಲಿ ಬೋಕ್‌ನೊಂದಿಗೆ ಅವಳನ್ನು ಗುಂಡಿಕ್ಕಿ ಕೊಂದರು. ಅವಳಿಗೆ ಐವತ್ತು ವರ್ಷ ತುಂಬಲು ಇನ್ನೂ ಸುಮಾರು ಎರಡು ತಿಂಗಳಿತ್ತು. ಉಳಿದ ಮೂವರ ಪ್ರಾಣವು, ಲೋಕದಲ್ಲೆದ್ದ ಕೂಗಿನಿಂದಾಗಿ, ಉಳಿಯಿತು.

ಆಮೇಲೆ ನಡೆದುದು ಅವಳು ಬಯಸಿದುದಲ್ಲ. ಅವಳ ಚಿತ್ರವನ್ನು ಮುಂದಿಟ್ಟು ಸೇಡಿನ ಕೂಗನ್ನು ಎಬ್ಬಿಸಿದರು; ಬ್ರಿಟನ್ನಿನಲ್ಲಿ ಸೈನ್ಯಕ್ಕೆ ಸೇರುವವರ ಸಂಖ್ಯೆಯು ಕೆಲವು ವಾರಗಳ ಕಾಲ ಇಮ್ಮಡಿಯಾಯಿತೆನ್ನುತ್ತಾರೆ. ಯಾರನ್ನೂ ದ್ವೇಷಿಸಬಾರದೆಂದು ಹೇಳಿ ಸತ್ತವಳ ಹೆಸರನ್ನು ದ್ವೇಷಕ್ಕೆ ಸೌದೆಯನ್ನಾಗಿ ಮಾಡಿದರು. ಇತ್ತ ಜರ್ಮನ್ ಚಕ್ರವರ್ತಿಯೂ ತನ್ನ ಅಪ್ಪಣೆಯಿಲ್ಲದೆ ಮುಂದೆ ಯಾವ ಹೆಂಗಸಿಗೂ ಮರಣದಂಡನೆಯನ್ನು ನಡಸಕೂಡದೆಂದು ಆಜ್ಞೆಮಾಡಿದನು. ಯುದ್ಧವು ಮುಗಿದ ಮೇಲೆ, 1919ರ ಮೇ ತಿಂಗಳಿನಲ್ಲಿ, ಅವಳ ದೇಹವನ್ನು ಸ್ವದೇಶಕ್ಕೆ ತಂದು ನಾರಿಚ್‌ನ ದೊಡ್ಡ ದೇವಾಲಯದ ಪಕ್ಕದಲ್ಲಿ ಮಣ್ಣುಮಾಡಿದರು. 1920ರಲ್ಲಿ ಲಂಡನ್ನಿನಲ್ಲಿ ಅವಳ ಶಿಲಾಮೂರ್ತಿಯು ನಿಂತಿತು. ಆದರೆ ಅವಳು ಆ ಕೊನೆಯ ರಾತ್ರಿ ಹೇಳಿದ ಮಾತು ಅದರ ಮೇಲೆ ಇರಲಿಲ್ಲ. ಹೆಂಗಸರ ಸಂಘವೊಂದು ಒತ್ತಾಯಿಸಿದ ಮೇಲೆ 1924ರಲ್ಲಿ ಅದನ್ನು ಕೆತ್ತಿಸಿದರು. ಮೂರ್ತಿಯನ್ನು ನಿಲ್ಲಿಸುವುದು ಸುಲಭ. ಆ ಮಾತನ್ನು ಒಪ್ಪಿಕೊಳ್ಳಲು ನಾಲ್ಕು ವರ್ಷ ಹಿಡಿಯಿತು.

ಈ ಕಥೆಯನ್ನು ಓದಿ ಜರ್ಮನರ ಮೇಲೆ ಕೋಪಗೊಳ್ಳುವುದು ಕನ್ನಡಿಗರಿಗೆ ತರವಲ್ಲ. ನಮ್ಮ ಭಾಷೆಯ ಮೊದಲನೆಯ ಸಮಾಚಾರಪತ್ರಿಕೆಯನ್ನು 1843ರಲ್ಲಿ ಮಂಗಳೂರಿನಲ್ಲಿ ಹೊರಡಿಸಿದ ಮೋಗ್ಲಿಂಗರು ಜರ್ಮನರು; ಅವರೇ 1853ರಲ್ಲಿ ಕೊಡಗಿಗೆ ಬಂದು ಇಲ್ಲಿಯ ಜನರ ನಡುವೆ ದುಡಿದರು. 1894ರಲ್ಲಿ ಅಚ್ಚಾದ ಕನ್ನಡ ನಿಘಂಟನ್ನು ರಚಿಸಿದ ಕಿಟ್ಟೆಲರೂ ಜರ್ಮನರು. ಎಡಿತ್ ಕ್ಯಾವೆಲ್ ಸೆರೆಯಲ್ಲಿದ್ದ ಅದೇ ಯುದ್ಧಕಾಲದಲ್ಲಿ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳನ್ನು, ಅವರು ಶತ್ರುದೇಶದವರೆಂಬ ಕಾರಣದಿಂದ, ನಮ್ಮ ದೇಶದಲ್ಲಿ ಬ್ರಿಟಿಷ್ ಸರಕಾರವು ಕಾವಲಿನಲ್ಲಿಟ್ಟಿತು. ಅವರ ಶಾಲೆಗಳಲ್ಲಿ ಅಕ್ಷರ ಕಲಿತ ಮಕ್ಕಳು ಅಂದು ಏನೆಂದು ತಿಳಿದುಕೊಳ್ಳಬೇಕಾಗಿತ್ತು? ಯುದ್ಧವು ಮನುಷ್ಯರನ್ನು ದೇಶದ ಹೆಸರಿನಿಂದ ಮಾತ್ರ ಎಣಿಸುತ್ತದೆ. ಶುಶ್ರೂಷಕಿಯು ಗಾಯದಿಂದ ಎಣಿಸುತ್ತಾಳೆ. ನಮ್ಮ ಕೊಡಗಿನ ಕಾರ್ಯಪ್ಪನವರು 1965ರಲ್ಲಿ ತಮ್ಮ ಮಗನು ಪಾಕಿಸ್ತಾನದಲ್ಲಿ ಸೆರೆಸಿಕ್ಕಿದಾಗ, ಅವನೊಬ್ಬನಿಗೆ ವಿಶೇಷವಾದ ಉಪಚಾರವನ್ನು ಒಪ್ಪದೆ, ಸೆರೆಯಲ್ಲಿರುವ ಭಾರತದ ಸೈನಿಕರೆಲ್ಲರೂ ತಮಗೆ ಮಕ್ಕಳೇ ಎಂದು ತಿಳಿಸಿದರು. ಆಯುಧವನ್ನು ಹಿಡಿದ ಹಿರಿಯರಲ್ಲಿಯೂ ಅದೇ ಸಮದೃಷ್ಟಿಯು ಇತ್ತೆಂಬುದು ನಮಗೆ ಹೆಮ್ಮೆಯ ವಿಷಯ.

ಎಡಿತ್ ಕ್ಯಾವೆಲಳನ್ನು ಲೋಕವು ಅವಳ ಮರಣದಿಂದ ಅರಿಯುತ್ತದೆ. ನಾವು ಅವಳನ್ನು ಜೀವನದಿಂದ ಅರಿಯಬೇಕೆಂದು ಬಯಸುತ್ತೇವೆ. ಗುಂಡಿನ ಮುಂದೆ ನಿಲ್ಲುವ ಸಂದರ್ಭವು ನಮ್ಮ ಹೆಣ್ಣುಮಕ್ಕಳಲ್ಲಿ ಯಾರಿಗೂ ಬಾರದಿರಲಿ. ಆದರೆ ಮನೆಗೆ ಹೋದ ರೋಗಿಯು ಮದ್ದನ್ನು ಕೊಂಡನೋ ಇಲ್ಲವೋ, ಮಳೆಗಾಲದಲ್ಲಿ ಹೊಳೆಯ ಆಚೆಯ ಬಾಣಂತಿಗೆ ಗಂಜಿ ದೊರೆಯಿತೋ ಇಲ್ಲವೋ, ಒಂಟಿಯಾಗಿ ಸಾಯುತ್ತಿರುವ ಮುದುಕನ ಕೈಯನ್ನು ಹಿಡಿದುಕೊಳ್ಳಲು ಯಾರಾದರೂ ಇರುವರೋ ಇಲ್ಲವೋ ಎಂದು ಕೇಳುವ ಸಂದರ್ಭವು ಪ್ರತಿದಿನವೂ ಬರುತ್ತದೆ. ಅದಕ್ಕೆ ಸಂಬಳವಿಲ್ಲ, ಅದನ್ನು ಬರೆದುಕೊಳ್ಳುವ ಪುಸ್ತಕವಿಲ್ಲ. ಕರ್ತವ್ಯದ ಎಲ್ಲೆಯನ್ನು ಮೀರುವುದೆಂದರೆ ಬಹುಮಟ್ಟಿಗೆ ಇಷ್ಟೇ: ಬಾಗಿಲಿನ ಆಚೆಗೆ ಇನ್ನೂ ಕೆಲವು ಹೆಜ್ಜೆ ನಡೆಯುವುದು.

ತಾಯಿತಂದೆಗಳಿಗೂ ನಾವು ಒಂದು ಮಾತನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಮಗಳು ಶುಶ್ರೂಷಕಿಯಾಗುವೆನೆಂದು ಬಂದು ನಿಂತಾಗ, ರಾತ್ರಿಯ ಕೆಲಸ, ಪರಊರಿನ ವಾಸ, ಪರರ ಮಲಮೂತ್ರಗಳನ್ನು ತೊಳೆಯುವ ಕೆಲಸವೆಂದು ಹಿಂಜರಿಯುವುದುಂಟು. ಆ ಹಿಂಜರಿಕೆಯು ಪ್ರೀತಿಯಿಂದಲೇ ಹುಟ್ಟಿದುದೆಂಬುದನ್ನು ನಾವು ಬಲ್ಲೆವು. ಆದರೆ ನಿಮ್ಮ ಮಗನು ದೂರದ ಗಡಿಯಲ್ಲಿ ಬಿದ್ದಾಗ ಅವನನ್ನು ಎತ್ತಿಕೊಳ್ಳುವವಳೂ ಯಾರದೋ ಮನೆಯ ಮಗಳೇ. ಅವಳನ್ನೂ ಒಬ್ಬ ತಂದೆಯು ಹಿಂಜರಿಯುತ್ತ, ಹರಸಿ ಕಳುಹಿಸಿರುವನು. ಸ್ವಾರ್ಡಸ್ಟನ್ನಿನ ಆ ಬಡ ಸಭಾಪಾಲಕರ ಮನೆಯಿಂದ ಬಿಸಿಯಾದ ಊಟವು ನೆರೆಮನೆಗೆ ಹೋದಂತೆಯೇ ಮಗಳೂ ಲೋಕಕ್ಕೆ ಹೋದಳು. ನಮ್ಮ ಶಾಲೆಯಿಂದಲೂ ಅಂತಹ ಹೆಣ್ಣುಮಕ್ಕಳು ಹೋಗುತ್ತಿರಲಿ. ಅವರ ಕೈಗಳಿಗೆ ಬಲವೂ ಮನಸ್ಸಿಗೆ ಶಾಂತಿಯೂ ಇರಲಿ.